ಮೊಳೆಗೆ ನೇತುಹಾಕಿದ ಟ್ಯೂಬು

ಹೊಳೆಯ ದಂಡೆಯಲ್ಲಿ ಒಂದು ಹಳೇ ಕೊಟ್ಟಿಗೆ. ದನ ಕಟ್ಟುತ್ತಿದ್ದ ಗೂಟಗಳಿಗೆ ಈಗ ಸೈಕಲ್ಲುಗಳು ಒರಗಿರುತ್ತಿದ್ದವು.

ಅಲ್ಲಿ ತಾಯಮ್ಮ ಎಂಬ ಗುರು ಇದ್ದರು. ಬೆಟ್ಟದ ಮೇಲೆ ಒಂಟಿಯಾಗಿ ಸೈಕಲ್ ಓಟಕ್ಕೆ ಹೋಗುವವರಿಗೆ ಅವರು ಕಲಿಸುತ್ತಿದ್ದರು. ಕಲಿಸಿದ್ದಕ್ಕಿಂತ ಬೈದದ್ದೇ ಹೆಚ್ಚು.

ಒಂಟಿ ಓಟದ ಕಟ್ಟಳೆ ಸುಲಭ. ಬೆಳಕು ಹರಿಯುವಾಗ ಹೊರಡಬೇಕು. ಬೆಟ್ಟದ ಸಾಲು ದಾಟಿ ಹೊತ್ತು ಮುಳುಗುವುದರೊಳಗೆ ಗುರಿ ಮುಟ್ಟಬೇಕು. ಬೇಕಾದದ್ದನ್ನು ತಾನೇ ಹೊರಬೇಕು, ಕೆಟ್ಟದ್ದನ್ನು ತಾನೇ ಸರಿಮಾಡಿಕೊಳ್ಳಬೇಕು. ಒಬ್ಬರು ಇನ್ನೊಬ್ಬರಿಗೆ ಏನನ್ನೂ ಕೊಡುವಂತಿಲ್ಲ. ಕೊಟ್ಟರೆ ಕೊಟ್ಟವರೂ ಹೊರಗೆ, ತೆಗೆದುಕೊಂಡವರೂ ಹೊರಗೆ. ಮುಂದಿನ ವರ್ಷಕ್ಕೂ ಸೇರಿಸುವುದಿಲ್ಲ.

ಹೊನ್ನೇಶ ಎಂಬ ಯುವಕ ತಾಯಮ್ಮನ ಬಳಿಗೆ ಬಂದ. ಒಳಗೆ ಸೈಕಲ್ ತರಲು ಹೋದವನನ್ನು ಬಾಗಿಲಲ್ಲೇ ತಡೆದರು.

"ಒಳಗಿನ ಗೂಟ ಶಿಷ್ಯರಿಗೆ. ನಿಂದು ಹೊರಗೆ, ಹುಣಸೆ ಮರಕ್ಕೆ ಒರಗಿಸು."

"ನಾನು ಶಿಷ್ಯ ಅಲ್ವಾ ಅಮ್ಮ?"

"ಈ ವರ್ಷದ ಓಟ ಮುಟ್ಟಿ ಬಾ. ಗೂಟ ಕೊಡ್ತೀನಿ."

ಹೊನ್ನೇಶ ಹುಣಸೆ ಮರದ ಕೆಳಗೆ ಸೈಕಲ್ ನಿಲ್ಲಿಸಿದ. ಆ ಗೂಟದ ಆಸೆ ಅವನ ಹೊಟ್ಟೆಯಲ್ಲಿ ಕೂತಿತು.

ತಾಯಮ್ಮನ ಹತ್ತಿರ ಒಂದು ಕರೀ ಕಂಬಳಿ ಇತ್ತು. ಓಟಕ್ಕೆ ಒಯ್ಯುವ ಸಾಮಾನನ್ನೆಲ್ಲ ಅದರ ಮೇಲೆ ಹರಡಿ ತೋರಿಸಬೇಕು. ಕಂಬಳಿಯ ಮೇಲೆ ಇಡದೇ ಇದ್ದದ್ದು ಬೆಟ್ಟಕ್ಕೆ ಹೋಗಬಾರದು. ಇಟ್ಟದ್ದು ಹಿಂದೆ ಉಳಿಯಬಾರದು. ಅದು ಆ ಕೊಟ್ಟಿಗೆಯ ಆಣೆ.

ಹೊನ್ನೇಶ ಮೊದಲ ಸಲ ಹರಡಿದಾಗ ಕಂಬಳಿ ಸಾಲಲಿಲ್ಲ. ಎರಡು ಟಾರ್ಚು, ಎರಡು ಜೊತೆ ಶೂ, ಒಲೆ, ಪಾತ್ರೆ, ಗಾಳಿ ತುಂಬುವ ದಿಂಬು.

"ಓಟಕ್ಕೆ ಹೋಗ್ತಿದ್ದೀಯೋ, ಬಾಣಂತನಕ್ಕೋ?" ಎಂದರು ತಾಯಮ್ಮ.

ಗೂಟದವರೆಲ್ಲ ನಕ್ಕರು. ಹೊನ್ನೇಶನ ಕಿವಿ ಕೆಂಪಾಯಿತು.

"ಯಾವುದನ್ನ ತೆಗೀಲಿ ಅಮ್ಮ?"

"ಎಲ್ಲಾ ಚೀಲಕ್ಕೆ ತುಂಬು. ಸೈಕಲ್ ಹೆಗಲಿಗೆ ಹಾಕ್ಕೊಂಡು ಆ ಬಂಡೆ ತನಕ ಹತ್ತು. ಯಾವುದು ಬೇಡ ಅನ್ಸುತ್ತೋ ದಾರೀಲಿ ಎಸೀತಾ ಹೋಗು."

ಅವನು ಹತ್ತಿದ. ಮೊದಲು ದಿಂಬು ಎಸೆದ, ಆಮೇಲೆ ಒಲೆ, ಆಮೇಲೆ ಶೂ. ಬಂಡೆ ಮುಟ್ಟಿದಾಗ ಚೀಲದಲ್ಲಿ ಸ್ವಲ್ಪವೇ ಉಳಿದಿತ್ತು. ಅಲ್ಲಿಂದಲೇ ಕೈ ಬೀಸಿ ಕೂಗಿದ.

"ಗೊತ್ತಾಯ್ತು ಅಮ್ಮ! ಇಳೀಲಾ?"

"ಇಳಿ. ಬರ್ತಾ ಎಸೆದದ್ದನ್ನೆಲ್ಲ ಆರಿಸ್ಕೊಂಡು ಬಾ."

ಅವನು ಮುಳ್ಳಿನೊಳಗೆ ಕೈ ಹಾಕಿ ಒಂದೊಂದನ್ನೇ ಹುಡುಕಿ ತಂದ. ಬೆವರು ಒರೆಸಿಕೊಳ್ಳುತ್ತಾ ಕೇಳಿದ, "ಎಸಿ ಅಂದೋರು ನೀವೇ. ಆರಿಸು ಅಂದೋರೂ ನೀವೇ. ಇದ್ಯಾವ ಪಾಠ?"

"ಎಸೆದದ್ದನ್ನ ಯಾರಾದರೂ ಒಬ್ಬರು ಎತ್ಕೋಬೇಕಲ್ಲಪ್ಪ" ಎಂದು ತಾಯಮ್ಮ ಒಳಗೆ ಹೋದರು.

ಓಟದ ಹಿಂದಿನ ದಿನ ಹೊನ್ನೇಶ ಮತ್ತೆ ಕಂಬಳಿ ಹಾಸಿದ. ಈ ಸಲ ಸಾಮಾನು ಕಡಿಮೆ. ಮಳೆ ಅಂಗಿ, ಸ್ಪ್ಯಾನರು, ಚೈನಿನ ಕೊಂಡಿ, ನೀರು, ಹುರಿಗಡಲೆ, ಬೆಲ್ಲ. ಕೊನೆಯಲ್ಲಿ ಒಂದು ಟ್ಯೂಬು, ಒಂದು ಗಿಡ್ಡ ಪಂಪು.

ಅವನ ಟೈರಿಗೆ ಟ್ಯೂಬು ಬೇಕಿರಲಿಲ್ಲ. ಒಳಗೆ ಹಾಲಿನಂಥ ಅಂಟು ಇರುತ್ತದೆ, ಮುಳ್ಳು ಚುಚ್ಚಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಕಲ್ಲು ತಾಗಿ ಟೈರು ಸೀಳಿದರೆ ಮಾತ್ರ ಅಂಟು ನಿಲ್ಲುವುದಿಲ್ಲ. ಆಗ ಟ್ಯೂಬು ಹಾಕಲೇಬೇಕು.

ತಾಯಮ್ಮ ಎಲ್ಲವನ್ನೂ ನೋಡಿದರು. ಟ್ಯೂಬನ್ನು ಮುಟ್ಟಿ ನೋಡಿದರು. "ಸರಿ" ಎಂದರು.

ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಬೆಟ್ಟದ ಬುಡದಲ್ಲಿ ಸೇರಿದರು.

ಈ ಓಟಗಾರರಿಗೆ ಒಂದು ಚಾಳಿ ಇದೆ. ಇನ್ನೊಬ್ಬರ ಸೈಕಲ್ ಕಂಡರೆ ಒಂದು ಬೆರಳು ಹಾಕಿ ಎತ್ತಿ ತೂಕ ನೋಡುವುದು. ಹೆಣ್ಣು ನೋಡಲು ಬಂದವರಾದರೂ ಸ್ವಲ್ಪ ಸಂಕೋಚ ಪಡುತ್ತಾರೆ, ಇವರಿಗೆ ಅದೂ ಇಲ್ಲ.

ಕಪ್ಪು ಕನ್ನಡಕದ ಒಬ್ಬ ಬಂದ. ಹೊನ್ನೇಶನ ಸೈಕಲ್ ಎತ್ತಿದ, ಎತ್ತಲಾಗದವನ ಹಾಗೆ ನರಳಿದ.

"ಏನ್ ಗುರೂ, ಒಳಗೆ ಗ್ಯಾಸ್ ಸಿಲಿಂಡರ್ ಇಟ್ಟಿದ್ದೀಯಾ?"

ಸುತ್ತ ಇದ್ದವರು ನಕ್ಕರು. ಹೊನ್ನೇಶನೂ ನಕ್ಕ. ನಗುತ್ತಲೇ ಸೈಕಲ್ ತಳ್ಳಿಕೊಂಡು ಪೊದೆಯ ಹಿಂದೆ ಹೋದ. ಟ್ಯೂಬನ್ನೂ ಪಂಪನ್ನೂ ತೆಗೆದು ಪೊದೆಯೊಳಗೆ ಸಿಕ್ಕಿಸಿದ. ಬಂದು ಸೈಕಲ್ಲಿಗೆ ತಾನೇ ಬೆರಳು ಹಾಕಿ ಎತ್ತಿದ. ಹಗುರ ಅನ್ನಿಸಿತು.

ಕೊಂಬು ಊದಿದರು. ಎಲ್ಲರೂ ಹೊರಟರು.

ಮೊದಲ ಬೆಟ್ಟ ದಾಟಿದ. ಎರಡನೆಯದರಲ್ಲಿ ಕನ್ನಡಕದವನನ್ನು ಹಿಂದೆ ಹಾಕಿದ. ಕಡೆಯ ಬೆಟ್ಟ ಇಳಿಯುವಾಗ ಒಂದು ಚೂಪು ಕಲ್ಲು ಹಿಂದಿನ ಟೈರಿನ ಪಕ್ಕೆಯನ್ನು ಸೀಳಿತು. ಬಿಳೀ ಅಂಟು ಚಿಮ್ಮಿ ಅವನ ಕಾಲಿಗೆಲ್ಲ ಎರಚಿತು. ಟೈರು ಮಣ್ಣಿಗೆ ಕೂತಿತು.

ಅವನು ಸೀಳಿಗೆ ಬೆರಳು ಒತ್ತಿ ಹಿಡಿದು ಕೂತ. ಬೆರಳಿಂದ ಬೆಟ್ಟ ಇಳಿಯಲು ಆಗುತ್ತದೆಯೇ?

ಆಗ ಜಬೀನಾ ಬಂದಳು. ಪಕ್ಕದ ಊರಲ್ಲಿ ಆಟೋ ಸೀಟು ಹೊಲಿಯುವವಳು, ಹಿಂದಿನೆರಡು ಓಟದಲ್ಲೂ ಹೊತ್ತು ಮುಳುಗಿದ ಮೇಲೆ ಮುಟ್ಟಿದವಳು. ಈ ಸಲ ಸೂರ್ಯ ಇನ್ನೂ ಮೇಲಿದ್ದ.

ಅವಳು ನಿಂತಳು. ಟೈರು ನೋಡಿದಳು. ಏನೂ ಕೇಳದೆ ತನ್ನ ಚೀಲದಿಂದ ಟ್ಯೂಬು, ಪಂಪು ತೆಗೆದಳು.

"ಬೇಡ ಅಕ್ಕ. ಕಟ್ಟಳೆ..." ಎಂದ ಹೊನ್ನೇಶ. ಎನ್ನುತ್ತಲೇ ಕೈ ಚಾಚಿದ್ದ.

"ಇಲ್ಲಿ ರಾತ್ರಿ ಕಳೀತೀಯಾ? ಬೇಗ ಹಾಕು, ಪಂಪ್ ನನಗೆ ವಾಪಸ್ ಬೇಕು."

ಟ್ಯೂಬು ಹಾಕಿ, ಗಾಳಿ ತುಂಬಿ, ಪಂಪು ಕೊಟ್ಟು ಅವನು ಹೊರಟ. ಅವಳಿಗಿಂತ ವೇಗವಾಗಿ ಇಳಿದ. ತಿರುವಿನಲ್ಲಿ ಹಿಂದೆ ತಿರುಗಿ ನೋಡಲಿಲ್ಲ.

ಹೊತ್ತು ಮುಳುಗುವ ಮೊದಲೇ ಮುಟ್ಟಿದ. ಕೊರಳಿಗೆ ಪದಕ ಹಾಕಿದರು. ಜನ ಚಪ್ಪಾಳೆ ತಟ್ಟಿದರು.

ಸ್ವಲ್ಪ ಹೊತ್ತಿಗೆ ಕನ್ನಡಕದವನು ಬಂದ. ಬಂದವನೇ ಹೇಳಿದ, "ಮೇಲೆ ಆ ಸೀಟು ಹೊಲಿಯೋಳ ಟೈರು ಹೋಗಿದೆ. ಸೈಕಲ್ ತಳ್ಕೊಂಡು ಬರ್ತಿದ್ದಾಳೆ. ಟ್ಯೂಬ್ ಇಲ್ವಂತೆ. ಟ್ಯೂಬ್ ಇಲ್ದೆ ಬೆಟ್ಟಕ್ಕೆ ಯಾಕ್ರೀ ಬರ್ತಾರೆ ಇವರೆಲ್ಲ!"

ಎಲ್ಲರೂ ನಕ್ಕರು.

ಸೂರ್ಯ ಮುಳುಗಿದ. ಅವಳು ಬರುವುದರೊಳಗೆ ಹೊನ್ನೇಶ ಅಲ್ಲಿಂದ ಹೊರಟುಬಿಟ್ಟ.

ಮರುದಿನ ಹೊನ್ನೇಶ ಹೊಳೆ ದಂಡೆಗೆ ಬಂದ. ಪದಕವನ್ನು ಅಂಗಿಯೊಳಗೆ ಹಾಕಿಕೊಂಡಿದ್ದ.

ತಾಯಮ್ಮ ಬಾಗಿಲು ಪೂರಾ ತೆಗೆದರು. "ಮುಟ್ಟಿದೆಯಂತೆ. ಮಾತು ಕೊಟ್ಟಿದ್ದೆ. ಸೈಕಲ್ ತಗೊಂಡು ಬಾ, ಯಾವ ಗೂಟ ಬೇಕೋ ನೋಡ್ಕೋ."

ಅವನು ಸೈಕಲ್ ತಳ್ಳಿಕೊಂಡು ಹೊಸಿಲು ದಾಟಿದ. ದಾಟಿದವನು ಅಲ್ಲೇ ನಿಂತ.

ಮೂಲೆಯ ಗೋಡೆಯಲ್ಲಿ ಒಂದು ಮೊಳೆ. ಅದಕ್ಕೆ ಒಂದು ಟ್ಯೂಬು, ಒಂದು ಗಿಡ್ಡ ಪಂಪು ಕಟ್ಟಿ ನೇತುಹಾಕಿತ್ತು. ಟ್ಯೂಬಿನ ಮಡಿಕೆಯಲ್ಲಿ ಪೊದೆಯ ಒಂದು ಒಣ ಎಲೆ ಇನ್ನೂ ಸಿಕ್ಕಿಕೊಂಡಿತ್ತು.

ತನ್ನನ್ನು ಬೀಳ್ಕೊಡಲು ತಾಯಮ್ಮ ಬೆಟ್ಟದ ಬುಡಕ್ಕೆ ಬಂದಿದ್ದರು, ಪೊದೆಯ ಹಿಂದೆ ಹೋದದ್ದನ್ನು ಕಂಡಿದ್ದರು ಎಂಬುದು ಅವನಿಗೆ ಆಗ ಹೊಳೆಯಿತು.

"ಯಾವ ಗೂಟ?" ಎಂದು ಕೇಳಿದರು ತಾಯಮ್ಮ.

ಹೊನ್ನೇಶ ಸೈಕಲ್ ಹಿಂದಕ್ಕೆ ತಿರುಗಿಸಿದ. ಹುಣಸೆ ಮರಕ್ಕೆ ಒರಗಿಸಿದ.

ಅವರು ಬೈಯಲಿಲ್ಲ. ಅಂದು ಬೈಯಲಿಲ್ಲ, ಮರುದಿನವೂ ಬೈಯಲಿಲ್ಲ. ಬೇರೆಯವರಿಗೆ ಮಾಮೂಲಿನಂತೆ ಬೈಗುಳ, ಇವನಿಗೆ ಮಾತ್ರ ಮರ್ಯಾದೆಯಿಂದ ಊಟ ಬಡಿಸುತ್ತಿದ್ದರು.

ಕಡೆಗೆ ಅವನೇ ಹೋಗಿ ಅವರ ಮುಂದೆ ಕೂತ. ಪೊದೆಯಿಂದ ಹಿಡಿದು ಪದಕದವರೆಗೆ ಎಲ್ಲವನ್ನೂ ಹೇಳಿದ. ಜಬೀನಾ ಬರುವ ಮೊದಲೇ ಓಡಿ ಬಂದದ್ದನ್ನೂ ಹೇಳಿದ.

"ಬೈಯಿರಿ ಅಮ್ಮ."

"ಬೈದರೆ ನಿನಗೆ ಹಗುರ ಆಗುತ್ತೆ. ಹಗುರದ ಚಟ ನಿನಗೆ ಆಗಲೇ ಜಾಸ್ತಿ."

"ಓಟ ನಡೆಸೋರ ಹತ್ರ ಹೋಗಿ ಒಪ್ಕೊಂಡುಬಿಡ್ಲಾ?"

"ಯಾರ ತಲೆ ಮೇಲೆ ಹಾಕಿ?"

ಅವನು ಯೋಚಿಸಿದ. ತಾನು ಹೇಳಿದರೆ ಕೊಟ್ಟವಳೂ ಹೊರಗೆ ಹೋಗುತ್ತಾಳೆ.

"ಹಾಗಿದ್ರೆ ಹೇಳದೇ ಇದ್ದುಬಿಡ್ಲಾ?"

"ಯಾರ ತಲೆ ಮೇಲೆ ಹಾಕಿ?"

ಟ್ಯೂಬ್ ಇಲ್ಲದೆ ಬಂದಳೆಂದು ಎಲ್ಲರೂ ಅವಳನ್ನು ನಕ್ಕದ್ದು ಅವನಿಗೆ ನೆನಪಾಯಿತು.

"ಎರಡೂ ಸಲ ಒಂದೇ ತಲೆ ಅಲ್ವಾ? ಅದನ್ನ ಹೋಗಿ ಕೇಳು. ನನ್ನ ತಲೆ ತಿನ್ನಬೇಡ."

ಜಬೀನಾ ಅಂಗಡಿಯಲ್ಲಿ ರೆಕ್ಸಿನ್ ಹೊಲಿಯುತ್ತಿದ್ದಳು. ಅವನನ್ನು ಕಂಡು ಯಂತ್ರ ನಿಲ್ಲಿಸಲಿಲ್ಲ.

"ಅಕ್ಕ, ನಾನು ಹೋಗಿ ಒಪ್ಕೋಬೇಕು ಅಂತಿದ್ದೀನಿ. ಆದ್ರೆ ನಿಮ್ಮ ಹೆಸರೂ ಹೋಗುತ್ತೆ. ನೀವು ಹೇಳಿದ ಹಾಗೆ ಮಾಡ್ತೀನಿ."

"ನನ್ನ ಹೆಸರು ಹೋಗಿ ಆಯ್ತಲ್ಲ" ಎಂದಳು ಜಬೀನಾ. "ಅವತ್ತೇ ಸಂಜೆ ಹೇಳಿದೆ, ಟ್ಯೂಬ್ ಕೊಟ್ಟೆ ಅಂತ. ಯಾರಿಗೆ ಅಂತ ಕೇಳಿದ್ರು. ಮುಖ ನೋಡಿಲ್ಲ ಅಂದೆ."

ಹೊನ್ನೇಶ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಯಾಕೆ ಅಕ್ಕ?"

"ನನ್ನ ತಪ್ಪು ನಾನು ಹೇಳ್ದೆ. ನಿನ್ನದು ನೀನು ಹೇಳ್ಕೋತೀಯೋ ಬಿಡ್ತೀಯೋ, ನನಗ್ಯಾಕೆ?" ಅವಳು ದಾರ ಕತ್ತರಿಸಿದಳು. "ಹೋಗಲಿ, ನಿನಗೂ ಪಾಪ, ಎಷ್ಟು ಸಲ ಹೋಯ್ತು ಟೈರು? ನಿನ್ನ ಟ್ಯೂಬ್ ಮೊದಲೇ ಖರ್ಚಾಗಿತ್ತೇನೋ ಅಂದ್ಕೊಂಡೆ."

ಸುಳ್ಳು ಹೇಳಲು ಅದೊಂದು ಒಳ್ಳೆಯ ಜಾಗ. ತಲೆ ಆಡಿಸಿದ್ದರೆ ಸಾಕಿತ್ತು.

"ಇಲ್ಲ ಅಕ್ಕ. ನನ್ನ ಟ್ಯೂಬ್ ಬುಡದಲ್ಲೇ ಪೊದೆಯೊಳಗೆ ಬಿಟ್ಟು ಬಂದಿದ್ದೆ. ಸೈಕಲ್ ಭಾರ ಅಂತ ಯಾರೋ ನಕ್ಕರು, ಅದಕ್ಕೆ."

ಯಂತ್ರ ನಿಂತಿತು.

ಜಬೀನಾ ಅವನನ್ನು ನೋಡಿದಳು. ಬೈಯುತ್ತಾಳೆ ಎಂದು ಅವನು ಕಾದ. ಅವಳು ಸೂಜಿಗೆ ಮತ್ತೆ ದಾರ ಪೋಣಿಸಿದಳು. ಮೊದಲ ಸಲ ತಪ್ಪಿತು, ಎರಡನೇ ಸಲವೂ ತಪ್ಪಿತು.

"ಹೋಗಪ್ಪ" ಎಂದಳು. "ನನಗೆ ಕೆಲಸ ಇದೆ."

ಹೊನ್ನೇಶ ಅಲ್ಲಿಂದ ನೇರವಾಗಿ ಓಟ ನಡೆಸುವವರ ಬಳಿಗೆ ಹೋದ. ಎಲ್ಲವನ್ನೂ ಹೇಳಿ ಪದಕ ಕೊಟ್ಟ. ಪದಕವನ್ನು ವಾಪಸು ತೆಗೆದುಕೊಂಡು ಅಭ್ಯಾಸವಿಲ್ಲದ ಅಲ್ಲಿನ ಮನುಷ್ಯ ಎಲ್ಲಿಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಹೊನ್ನೇಶನ ಹೆಸರಿಗೆ ಗೀಟು ಬಿತ್ತು. ಜಬೀನಾಳ ಹೆಸರಿನ ಮೇಲಿನ ಗೀಟು ಹಾಗೇ ಇತ್ತು.

ಮುಂದಿನ ವರ್ಷದ ಓಟ ಬಂತು, ಹೋಯಿತು. ಹೊನ್ನೇಶ ಕೊಟ್ಟಿಗೆ ಗುಡಿಸಿದ, ಬೇರೆಯವರ ಚೈನಿಗೆ ಎಣ್ಣೆ ಹಾಕಿದ. ದಿನಾ ಆ ಮೊಳೆಯ ಕೆಳಗೂ ಗುಡಿಸಿದ. ಒಂದು ದಿನವೂ ತಲೆ ಎತ್ತಿ ನೋಡಲಿಲ್ಲ.

ಅದರ ಮುಂದಿನ ವರ್ಷ ಓಟಕ್ಕೆ ಅವನ ಹೆಸರು ಸೇರಿತು. ಜಬೀನಾಳ ಹೆಸರೂ ಸೇರಿದೆ ಎಂದು ಕೇಳಿದ.

ಹಿಂದಿನ ದಿನ ಅವನು ಕಂಬಳಿ ಹಾಸಿದ. ಮಳೆ ಅಂಗಿ, ಸ್ಪ್ಯಾನರು, ಕೊಂಡಿ, ನೀರು, ಕಡಲೆ, ಬೆಲ್ಲ. ಕೊನೆಯಲ್ಲಿ ಪೇಟೆಯಿಂದ ತಂದ ಹೊಸ ಟ್ಯೂಬು, ಹೊಸ ಪಂಪು.

ತಾಯಮ್ಮ ನೋಡಿದರು.

"ಮೊಳೆ ಮೇಲೆ ಒಂದು ಇರೋವಾಗ ಹೊಸದು ಯಾಕೆ?"

ಹೊನ್ನೇಶ ತಲೆ ತಗ್ಗಿಸಿದ. "ಅದನ್ನ ಮುಟ್ಟೋಕೆ ನಾಚಿಕೆ ಆಗುತ್ತೆ ಅಮ್ಮ."

"ಇನ್ನೂ?"

"ಇನ್ನೂ. ಜಬೀನಕ್ಕನಿಗೆ ಹೇಳಿದೆ, ಓಟದವರಿಗೆ ಹೇಳಿದೆ, ಪದಕ ಕೊಟ್ಟೆ, ವರ್ಷ ಕಳೀತು. ಆದ್ರೂ ಇಳೀತಿಲ್ಲ. ಇದು ಯಾವಾಗ ಇಳಿಯುತ್ತೆ ಅಮ್ಮ?"

ತಾಯಮ್ಮ ಎದ್ದು ಹೋಗಿ ಮೊಳೆಯಿಂದ ಹಳೇ ಟ್ಯೂಬನ್ನೂ ಪಂಪನ್ನೂ ತೆಗೆದರು. ಸೆರಗಿನಿಂದ ಧೂಳು ಒರೆಸಿದರು. ಹೊಸದನ್ನು ಕಂಬಳಿಯಿಂದ ಪಕ್ಕಕ್ಕೆ ಸರಿಸಿ, ಹಳೆಯದನ್ನು ಇಟ್ಟರು.

ಹೊನ್ನೇಶ ಬೆರಳಿಂದ ಅದನ್ನು ಮುಟ್ಟಿದ. ಆಮೇಲೆ ಎತ್ತಿ ಚೀಲಕ್ಕೆ ಹಾಕಿಕೊಂಡ. ಚೀಲ ಕಟ್ಟಲು ಹುಣಸೆ ಮರದ ಕಡೆಗೆ ಹೊರಟ.

ಹೊಸಿಲಲ್ಲಿ ಹಿಂದಿನಿಂದ ಮಾತು ಬಂತು.

"ಸೈಕಲ್ ಒಳಗೆ ತಗೊಂಡು ಬಂದು ಕಟ್ಟು. ಆ ಮೊಳೆ ಕೆಳಗಿನ ಗೂಟ ನಿನ್ನದು. ಓಟ ಮುಗಿದ ಮೇಲೆ ಟ್ಯೂಬನ್ನ ಮತ್ತೆ ಅಲ್ಲೇ ನೇತುಹಾಕು."