ಹೇರ್‌ಪಿನ್ ಕಾಲಿನ ಪೀಠ

ಗುರುಗಳಿದ್ದಲ್ಲೆಲ್ಲ ಕಟ್ಟಳೆಗಳಿರುತ್ತವೆ. ಹೊಳೆದಂಡೆಯ ಆ ಆಶ್ರಮದಲ್ಲಿ ಒಂದೇ ಇತ್ತು, ಪುಣ್ಯ. ಜನರೆದುರು ಮೊದಲ ಸಲ ವಚನ ಓದುವವರು ಪುಸ್ತಕ ಇಡುವ ಪೀಠವನ್ನು ತಾವೇ ಮಾಡಿಕೊಳ್ಳಬೇಕು. ಪೀಠ ಅಲ್ಲಾಡಿದರೆ ಓದು ಇಲ್ಲ.

ಆರು ವರ್ಷ ಕಾದ ಹಾಲಮ್ಮನ ಸರದಿ ನಾಳೆ.

ಬೇವಿನ ಹಲಗೆ ತಂದಿದ್ದಳು. ಕಬ್ಬಿಣದ ಸರಳುಗಳನ್ನು ಕಾಯಿಸಿ, ನಡುವೆ ಬಗ್ಗಿಸಿ, ನಾಲ್ಕು ಕಾಲು ಮಾಡಿ ಹಲಗೆಗೆ ಸ್ಕ್ರೂ ಬಿಗಿದಿದ್ದಳು.

ಹೋದ ವರ್ಷ ಓದಿದ್ದ ಚನ್ನವೀರ ನೋಡಿ ನಕ್ಕ. "ಏನಬೇ ಅಕ್ಕಾ, ತಲೀಗೆ ಸಿಗಿಸೋ ಹೇರ್‌ಪಿನ್ ಮ್ಯಾಲೆ ಶರಣರ ಮಾತು ಇಡ್ತೀಯೇನು?"

"ನಿನ್ನ ಪೀಠಕ್ಕಿಂತ ಗಟ್ಟಿ ಐತಿ."

"ಹಂಗಾರ ನನ್ನ ಕಲ್ಲಿನ ಮ್ಯಾಲೆ ಇಟ್ಟು ತೋರ್ಸು."

ಅವನ ಕಲ್ಲೆಂದರೆ ಮರದ ಕೆಳಗಿನ ಚಪ್ಪಡಿ, ಅವನು ದಿನಾ ಕೂತು ಬಾಯಿಪಾಠ ಮಾಡುವ ಜಾಗ. ಹಾಲಮ್ಮ ಪೀಠವನ್ನು ಒಯ್ದು ಅಲ್ಲೇ ಕುಕ್ಕಿದಳು.

ಅಲ್ಲಾಡಿತು.

ಚನ್ನವೀರ ಸೀಟಿ ಹಾಕುತ್ತ ಹೊಳೆಗಿಳಿದ. ಬೈದಿದ್ದರೂ ವಾಸಿಯಿತ್ತು.

ಅವಳು ಸುತ್ತಿಗೆ ತಂದಳು. ಒಂದು ಕಾಲನ್ನು ಬಡಿದು ಬಗ್ಗಿಸಿದರೆ ಇನ್ನೊಂದು ಮೇಲೇಳುತ್ತಿತ್ತು. ಅದನ್ನೂ ಬಡಿದಳು. ಏಟಿಗೊಂದರಂತೆ, ಮನಸ್ಸಿನಲ್ಲಿ, ಚನ್ನವೀರನ ಹಲ್ಲು ಉದುರುತ್ತಿದ್ದವು.

ಹೊತ್ತು ಇಳಿಯುವಾಗ ಪೀಠ ಕಲ್ಲಿನ ಮೇಲೆ ಕದಲದೆ ನಿಂತಿತು.

ಮುಂಜಾನೆಯಿಂದ ಪಡಸಾಲೆಯಲ್ಲಿ ಕೂತು ನೋಡುತ್ತಿದ್ದ ಗುರುಗಳು ಎದ್ದು ಬಂದರು. ಎಲ್ಲರಿಗೂ ಅವರು ಅಜ್ಜಾರು.

"ಆತೇನವ್ವ?"

"ಆತ್ರಿ ಅಜ್ಜಾರ. ಮುಟ್ಟಿ ನೋಡ್ರಿ."

"ನಾಳೆ ಓದೋದೆಲ್ಲಿ?"

"ಪಡಸಾಲ್ಯಾಗ."

"ಅಲ್ಲಿ ಇಟ್ಟು ನೋಡು."

ಪಡಸಾಲೆಯ ನುಣುಪು ನೆಲದಲ್ಲಿ ಪೀಠ ಕುಂಟ ಆಡಿನ ಹಾಗೆ ವಾಲಿತು.

ಹಾಲಮ್ಮನ ಸಿಟ್ಟು ಈಗ ಅಜ್ಜಾರ ಕಡೆ ತಿರುಗಿತು. "ಮುಂಜಾನಿಂದ ನೋಡ್ಕೋತ ಕುಂತಿದ್ರಿ. ಬಾಯಿ ಬಿಟ್ಟು ಹೇಳಿದ್ರ ಏನಾಗ್ತಿತ್ತು?"

ಅಜ್ಜಾರು ಅವಳನ್ನು ಮರದ ಕೆಳಗೆ ಕರೆದೊಯ್ದು ಚಪ್ಪಡಿಯ ಮೇಲೆ ಒಂದು ಚೆಂಬು ನೀರು ಸುರಿದರು. ನೀರು ಒಂದು ಮೂಲೆಗೆ ಹರಿದು ಅಲ್ಲೇ ನಿಂತಿತು. ಆ ಮೂಲೆಯಲ್ಲಿ ಅಂಗೈಯಗಲ ತಗ್ಗು.

ಅವಳು ನೀರನ್ನೇ ನೋಡಿದಳು. "ಈ ತಗ್ಗು ಅವಂಗ ಗೊತ್ತಿತ್ತೇನ್ರಿ?"

"ಇನ್ನೂ ಅವನ ಸುದ್ದೀನ?"

"ನಾಳೆ ಓದೋದು ನಾನು. ಕೆಟ್ಟಿದ್ದು ನನ್ನ ಪೀಠ. ಅವನ ಸುದ್ದಿ ಬ್ಯಾಡಂದ್ರ ಯಾರ ಸುದ್ದಿ ಮಾತಾಡ್ಲಿ?"

"ಸ್ಕ್ರೂಡ್ರೈವರ್ ಕೊಡು."

ಪಡಸಾಲೆಗೆ ಮರಳಿ ಅಜ್ಜಾರು ನಾಲ್ಕೂ ಕಾಲು ಬಿಚ್ಚಿದರು. ಹಾಲಮ್ಮನನ್ನು ಚಕ್ಕಳಮಕ್ಕಳ ಕೂರಿಸಿ, ಬರೀ ಹಲಗೆಯನ್ನು ಅವಳ ಮೊಣಕಾಲ ಮೇಲಿಟ್ಟರು. ಬಿಚ್ಚಿದ ಸ್ಕ್ರೂಗಳನ್ನೂ ಅದರ ಮೇಲೇ ಸುರಿದರು.

ಸಿಟ್ಟಿಳಿಯದ ಅವಳ ಮೊಣಕಾಲು ಅದುರಿದ ಹಾಗೆಲ್ಲ ಸ್ಕ್ರೂಗಳು ಕಟಕಟ ಸದ್ದು ಮಾಡುತ್ತಿದ್ದವು.

"ನಾಳೆ ಹಿಂಗ ಓದು" ಎಂದರು ಅಜ್ಜಾರು. "ಕಟ್ಟಳೆ ಅದೇ ಐತಿ, ಅಲ್ಲಾಡಬಾರ್ದು. ಯಾವ ಕಾಲು ಅಂತ ಹುಡುಕೋದೊಂದು ತಪ್ತು."