ಖಾಲಿ ಉಳಿದ ಅರ್ಧ ಕಲ್ಲು

"ಅಯ್ಯನವರೇ, ಕ್ರಿಸ್ತನನ್ನು ನಂಬದವನು ನಂಬದಿರುವುದನ್ನು ತಾನೇ ಆರಿಸಿಕೊಂಡವನಲ್ಲವೇ? ಅವನ ಮೇಲೆ ಮರುಕವೇಕೆ?" ಎಂದು ಜೀವರತ್ನ ಕೇಳಿದ. ಮುಂದಿನ ವಾರ ಅವನು ಒಂದು ಸಭೆಗೆ ಪಾದ್ರಿಯಾಗಿ ಹೊರಡುವವನಿದ್ದ. ಅವನಿಗೆ ಪಾಠ ಕಲಿಸಿದ ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಊರಿನ ಸಮಾಧಿಗಳ ಮೇಲಿನ ಶಿಲುಬೆಗಳನ್ನೆಲ್ಲ ಕಡೆದುಕೊಟ್ಟವನು ಅವನೇ. ಹೆಂಡತಿ ನಂಬಿದವಳು. ಅವನಿಗೆ ಮಾತ್ರ ನಂಬಿಕೆ ಬರಲಿಲ್ಲ. ಅವಳು ತೀರಿಕೊಂಡಾಗ ಅಗಲವಾದ ಕಲ್ಲೊಂದನ್ನು ತಂದು, ಅರ್ಧದಲ್ಲಿ ಅವಳ ಹೆಸರು ಕೆತ್ತಿ, ಉಳಿದರ್ಧವನ್ನು ತನಗೆಂದು ಬಿಟ್ಟ. ಸತ್ತ ಮೇಲೆ ಅವಳ ಪಕ್ಕದಲ್ಲಿ ಮಲಗಬೇಕು, ಬೇರೇನೂ ಅವನಿಗೆ ಬೇಕಿರಲಿಲ್ಲ. ಆದರೆ ಆ ಊರಿನ ಸಭೆಯ ಕಟ್ಟಳೆ ಬಿಗಿಯಾಗಿತ್ತು. "ನಂಬುತ್ತೇನೆ" ಎಂದು ಬಾಯಿಬಿಟ್ಟು ಹೇಳಿ ದೀಕ್ಷಾಸ್ನಾನ ಪಡೆಯದವನಿಗೆ ಸ್ಮಶಾನದ ಗೋಡೆಯೊಳಗೆ ಜಾಗವಿಲ್ಲ.

ಅವನು ಕೈಕಟ್ಟಿ ಕೂರಲಿಲ್ಲ. ಭಾನುವಾರ ತಪ್ಪದೆ ಹಿಂದಿನ ಬೆಂಚಿನಲ್ಲಿ ಕುಳಿತ. ಹೆಂಡತಿಯ ಬೈಬಲನ್ನು ಒಂದಕ್ಷರ ಬಿಡದೆ ಓದಿದ. ನಂಬಿಕೆ ಕೊಡೆಂದು ಮಂಡಿಯೂರಿ ಬೇಡಿದ. ಮಂಡಿ ನೋಯಿತು, ಅಷ್ಟೇ. ಎದ್ದಾಗ ಎದೆಯೊಳಗೆ ಮೊದಲಿನ ಮೌನವೇ ಇತ್ತು.

ಕೊನೆಗೆ ಹಾಸಿಗೆ ಹಿಡಿದ. ಪಾದ್ರಿ ದೀಕ್ಷಾಸ್ನಾನಕ್ಕೆಂದು ನೀರಿನ ಬಟ್ಟಲು ತಂದು ಪಕ್ಕದಲ್ಲಿ ಕುಳಿತರು.

"ಒಂದು ಮಾತು ಹೇಳಿಬಿಡಪ್ಪ. ನಂಬಿಕೆ ದೇವರ ವರ, ಕೈಚಾಚಿದವನಿಗೆ ಸಿಗುತ್ತದೆ. ಬೇಡವೆಂದು ಹಟ ಹಿಡಿದವನು ನೀನು."

"ಚಾಚಿದ ಕೈ ಇನ್ನೂ ಹಾಗೇ ಇದೆ, ಅಯ್ಯನವರೇ. ಏನೂ ಬೀಳಲಿಲ್ಲ. ಬಿತ್ತು ಅಂತ ಹೇಗೆ ಹೇಳಲಿ? ದೇವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾನೆ ಅಂತ ನೀವೇ ಹೇಳಿದ್ದೀರಿ."

ಪಾದ್ರಿ ಬಟ್ಟಲಿನ ನೀರನ್ನು ಅಂಗಳಕ್ಕೆ ಚೆಲ್ಲಿ ಹೋದರು. ಕಲ್ಲುಕುಟಿಗ ಸತ್ತಾಗ ಅವನನ್ನು ಗೋಡೆಯಾಚೆ, ಮುಳ್ಳುಪೊದೆ ಸವರಿ ಹೂಳಿದರು.

ಅವನ ಹೆಂಡತಿಯ ಪಕ್ಕದ ಜಾಗ ಒಬ್ಬ ಮರದ ವ್ಯಾಪಾರಿಗೆ ಸಿಕ್ಕಿತು. ಸಭೆಯ ತೋಪಿನ ಮರ ಕಡಿಯುವ ಗುತ್ತಿಗೆಗಾಗಿ ಎಲ್ಲರೆದುರು ಗಟ್ಟಿಯಾಗಿ "ನಂಬುತ್ತೇನೆ" ಎಂದವನು ಆತ. ಅದು ಬಾಯಿಮಾತೆಂದು ಊರಿಗೆಲ್ಲ ಗೊತ್ತಿತ್ತು, ಪಾದ್ರಿಗೂ ಗೊತ್ತಿತ್ತು. ಆತ ಸತ್ತು ಹೂಳಿದ ದಿನ ಸಮಾಧಿಯ ಮುಂದೆ ಪಾದ್ರಿ ಆತನ ವಿಶ್ವಾಸವನ್ನು ಬಹಳ ಹೊತ್ತು ಹೊಗಳಿದರು. ಅರ್ಧ ಕಲ್ಲು ಖಾಲಿಯೇ ಉಳಿಯಿತು.

ಗುರುಗಳು ಕತೆ ಮುಗಿಸಿದರು. ಜೀವರತ್ನ ತಡೆದು ತಡೆದು, "ಆದರೂ ಕಲ್ಲುಕುಟಿಗ ನಂಬಲಿಲ್ಲವಲ್ಲ, ಅಯ್ಯನವರೇ" ಎಂದ.

"ದೇವರಿಗೆ ಕೇಳಿಸೀತು ಎಂದು ಸುಳ್ಳಾಡಲು ಹೆದರಿದವನು ಆ ಊರಿನಲ್ಲಿ ಅವನೊಬ್ಬನೇ" ಎಂದರು ಗುರುಗಳು.