ಮಜ್ಜಿಗೆ ಕುಡಿದು ಏರಿದ ಅಂದಾಜು

ಗುರುಗಳ ಬಳಿಗೆ ಬಂದ ಶಿಷ್ಯರಲ್ಲಿ ಶೇಷಾದ್ರಿಯಷ್ಟು ಓದಿದವನು ಮತ್ತೊಬ್ಬನಿರಲಿಲ್ಲ. ಅಯ್ಯೋ, ತೊಂದರೆ ಇದ್ದದ್ದೇ ಅಲ್ಲಿ.

ಹಿಂದೆ ಅವನು ಒಂದು ದೊಡ್ಡ ಆಫೀಸಿನಲ್ಲಿ ಕೂತು, ಇಡೀ ಪ್ರಪಂಚದ ಆರ್ಥಿಕತೆ ಮುಂದಿನ ವರ್ಷ ಎಷ್ಟು ಬೆಳೆಯುತ್ತದೆ ಅಂತ ಅಂದಾಜು ಹೇಳುತ್ತಿದ್ದ. ಐದು ವರ್ಷ ‘ಬರೋ ವರ್ಷ ಚೇತರಿಕೆ’ ಅಂದ. ಐದು ವರ್ಷವೂ ಚೇತರಿಕೆ ಬರಲಿಲ್ಲ. ಆರನೇ ವರ್ಷ ಮಾನ ಉಳಿಸಿಕೊಳ್ಳಲು ಹೊಳೆ ದಂಡೆಯ ಆಶ್ರಮಕ್ಕೆ ಬಂದು ತಲೆ ಬೋಳಿಸಿಕೊಂಡ. ಕೂದಲು ಹೋಯಿತೇ ಹೊರತು ಚಟ ಹೋಗಲಿಲ್ಲ.

ಒಂದು ಬೆಳಿಗ್ಗೆ ಆಚೆ ದಡದ ತಿಮ್ಮಾಜಮ್ಮ ಬಂದು ಗುರುಗಳಿಗೆ ಕೈಮುಗಿದಳು. ಊದುಬತ್ತಿ ಹೊಸೆಯುವ ಶೆಡ್ಡು ಅವಳದು. ಅಲ್ಲಿ ಹೊಸೆದ ಕಡ್ಡಿ ಹೊರದೇಶದ ಅಂಗಡಿಗಳಿಗೆ ಹೋಗುತ್ತಿತ್ತು.

“ಬುದ್ಧಿ, ಹೊರದೇಶದ ವ್ಯಾಪಾರ ಬಿದ್ದೋಗ್ತದೆ ಅಂತ ಎಲ್ಲ ಹೇಳ್ತಾವ್ರೆ. ನನ್ನತ್ರ ಹದಿನೆಂಟು ಹೆಂಗಸರು ಅವ್ರೆ. ಆರು ಜನಕ್ಕೆ ಸೋಮವಾರದಿಂದ ಬರಬೇಡಿ ಅನ್ನಲಾ? ನಿಮ್ಮ ಈ ಸ್ವಾಮಿಗೆ ಪ್ರಪಂಚದ ಗತಿ ಗೊತ್ತಂತೆ.”

ಗುರುಗಳು ಬಾಯಿ ತೆರೆಯುವ ಮೊದಲೇ ಶೇಷಾದ್ರಿ ತೆರೆದ.

“ಜಾಗತಿಕ ಬೆಳವಣಿಗೆ ಕುಂಠಿತವಾಗಿದೆ. ಶೇಕಡಾ ಎರಡೂವರೆ, ಅಷ್ಟೇ. ಇನ್ನೂ ಇಳಿಯುವ ಅಪಾಯವಿದೆ. ಹಾಗೆಂದು ಏರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.”

“ಅಂದ್ರೆ ಕಳಿಸ್ಲಾ, ಇಟ್ಕೊಳ್ಲಾ?”

“ಕಳಿಸುವುದು ಜಾಣತನ.”

ಗುರುಗಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

“ಶೇಷಾದ್ರಿ, ಇದನ್ನ ಆ ಆರು ಜನಕ್ಕೆ ನೀನೇ ಹೋಗಿ ಹೇಳು.”

“ನಾನೇ? ಗುರುಗಳೇ, ನಮ್ಮ ಆಫೀಸಿನಲ್ಲಿ ಅಂದಾಜು ಹೇಳುವವರು ಬೇರೆ, ಜನಕ್ಕೆ ತಿಳಿಸುವವರು ಬೇರೆ.”

“ಇದು ಆಫೀಸಲ್ಲ. ಹರಿಗೋಲು ಹೊರಡ್ತಾ ಇದೆ, ಹತ್ತು.”

ತಿಮ್ಮಾಜಮ್ಮನಿಗೆ ಎದೆಯ ಭಾರ ಇಳಿದಂತಾಯಿತು. ಪೇಟೆಯಲ್ಲಿ ಕೆಲಸವಿದೆ ಅಂತ ಹೇಳಿ ಅತ್ತ ಹೋದಳು. ಶೇಷಾದ್ರಿ ಇತ್ತ ಹರಿಗೋಲು ಹತ್ತಿದ.

ಹೋದವನು ಹೊತ್ತು ಇಳಿಯುವಾಗ ಬಂದ. ಮುಖ ಸಪ್ಪಗಿತ್ತು. ಹೊಟ್ಟೆ ಮಾತ್ರ ತುಂಬಿತ್ತು.

“ಹೇಳಿದೆಯಾ?” ಅಂದರು ಗುರುಗಳು.

“ಹೇಳೋಕೆ ಶುರು ಮಾಡಿದೆ. ಎರಡೂವರೆ ಅಂದೆ. ಪುಟ್ಟತಾಯಮ್ಮ ಅಂತ ಒಬ್ಬರು, ‘ಬಿಸಿಲಲ್ಲಿ ಬಂದಿದ್ದೀರಿ, ಮೊದಲು ಮಜ್ಜಿಗೆ ಕುಡೀರಿ ಸ್ವಾಮಿ’ ಅಂದರು.”

“ಕುಡಿದೆಯಾ?”

“ಕುಡಿದೆ. ಕುಡಿದ ಮೇಲೆ ಎರಡೂಮುಕ್ಕಾಲು ಅಂದೆ.”

ಗುರುಗಳು ಕಣ್ಣು ಮುಚ್ಚಿದರು. ಧ್ಯಾನಕ್ಕಲ್ಲ, ನಗು ತಡೆಯೋಕೆ.

“ಆಮೇಲೆ?”

“ಇನ್ನೊಬ್ಬಾಕೆ, ಮಗಳ ಮದುವೆ ಈ ವರ್ಷ ಇಟ್ಕೋಬಹುದಾ ಅಂತ ಕೇಳಿದರು. ಮೂರು ಅಂದೆ. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಮೂರೂವರೆ ಅಂದೆ. ಅಷ್ಟರಲ್ಲಿ ಯಾರೋ ಹುರಿಗಡಲೆ ತಂದು ಕೊಟ್ಟರು…”

“ಹೊರಡೋವಾಗ ಎಷ್ಟಿತ್ತು?”

“ನಾಲ್ಕು.”

“ಭಲೇ! ಬೆಳಗಿನ ತಿಂಡಿಯಿಂದ ಇಷ್ಟು ಹೊತ್ತಿಗೆ ಪ್ರಪಂಚ ಅಷ್ಟು ಸುಧಾರಿಸಿತಾ?”

ಶೇಷಾದ್ರಿಗೆ ಅಳುವೇ ಬಂತು. “ಸುಳ್ಳು ಹೇಳಿಬಿಟ್ಟೆ ಗುರುಗಳೇ.”

“ಬೆಳಿಗ್ಗೆ ಹೇಳಿದ್ದು?”

ಅವನು ಬೋಳು ತಲೆ ಸವರಿಕೊಂಡ.

“ಅದೂ ಗೊತ್ತಿಲ್ಲದೇ ಹೇಳಿದ್ದು. ಐದು ಸಲ ಜಾಸ್ತಿ ಹೇಳಿ ನಗೆಪಾಟಲಾಗಿದ್ದೆ. ಈ ಸಲ ಕಮ್ಮಿ ಹೇಳಿದರೆ ಯಾರೂ ನಗೋದಿಲ್ಲ ಅಂದುಕೊಂಡೆ. ಆಗ ಆ ಹೆಂಗಸರ ಮುಖ ನಾನು ನೋಡಿರಲಿಲ್ಲ.”

ಅಷ್ಟರಲ್ಲಿ ತಿಮ್ಮಾಜಮ್ಮ ಏದುಸಿರು ಬಿಡುತ್ತಾ ಬಂದಳು. ಪೇಟೆಯಿಂದ ನೇರ ಶೆಡ್ಡಿಗೆ ಹೋಗಿದ್ದಳಂತೆ.

“ಸ್ವಾಮಿ! ನಾಲ್ಕಂತೆ! ಅಲ್ಲಿ ಹಬ್ಬ ನಡೀತಾ ಇದೆ. ಹಂಗಾರೆ ಇನ್ನೂ ಆರು ಜನರನ್ನ ಸೇರಿಸ್ಕೊಳ್ಲಾ?”

ಶೇಷಾದ್ರಿ ಗುರುಗಳನ್ನು ನೋಡಿದ. ಗುರುಗಳು ಹೊಳೆ ನೋಡಿದರು.

“ಅಮ್ಮಾ, ನನಗೆ ಗೊತ್ತಿಲ್ಲ,” ಅಂದ ಶೇಷಾದ್ರಿ.

“ಏನು ಗೊತ್ತಿಲ್ಲ?”

“ಎರಡೂವರೆಯೂ ಗೊತ್ತಿಲ್ಲ, ನಾಲ್ಕೂ ಗೊತ್ತಿಲ್ಲ. ಬರೋ ವರ್ಷ ಏನಾಗುತ್ತೋ ನನಗೆ ಗೊತ್ತೇ ಇಲ್ಲ.”

“ಅಯ್ಯೋ ನಿಮ್ಮ! ಇಷ್ಟು ಹೇಳೋಕೆ ಅಷ್ಟೊಂದು ಓದಬೇಕಿತ್ತಾ? ನಿಮ್ಮ ಮಾತು ಕಟ್ಕೊಂಡು ಆರು ಸಂಸಾರದ ಅನ್ನ ಕಿತ್ಕೊಳ್ತಿದ್ದೆನಲ್ಲಾ ನಾನು!”

ಅವಳು ಬೈದು ಸುಸ್ತಾಗುವವರೆಗೂ ಗುರುಗಳು ಕಾದರು.

“ಅವನಿಗೆ ಗೊತ್ತಿಲ್ಲ, ಸರಿ. ನಿನಗೆ ಗೊತ್ತಿರೋದು ಏನಮ್ಮಾ?”

“ಕೈಯಲ್ಲಿ ದೀಪಾವಳಿವರೆಗೂ ಆರ್ಡರ್ ಇದೆ ಬುದ್ಧಿ. ಅಲ್ಲೀಗಂಟ ಹದಿನೆಂಟು ಜನಕ್ಕೂ ಕೆಲಸ ಇದೆ.”

“ಆಮೇಲೆ ಕಮ್ಮಿ ಆದ್ರೆ?”

“ಎಲ್ರೂ ವಾರಕ್ಕೊಂದು ದಿನ ಕಮ್ಮಿ ಬರ್ತೀವಿ, ಯಾರನ್ನೂ ಬಿಡಿಸಬೇಡಿ ಅಂತ ಅವರೇ ಅಂದಿದ್ರು. ಇವರಿಗೇನು ತಿಳೀತದೆ ಪ್ರಪಂಚ ಅಂತ ನಾನೇ ಕಿವಿಗೆ ಹಾಕ್ಕೊಳ್ಲಿಲ್ಲ.” ಅವಳು ಸೆರಗು ಬಿಗಿದು ಎದ್ದಳು. “ಯಾರೂ ಹೋಗೋದು ಬೇಡ. ನಾಳೆಯೇ ಹೇಳಿಬಿಡ್ತೀನಿ.”

ಅವಳು ಹೋದ ಮೇಲೂ ಶೇಷಾದ್ರಿ ನಿಂತೇ ಇದ್ದ.

“ಗುರುಗಳೇ, ಅವರು ನಾಲ್ಕು ಅಂತ ನಂಬಿ ಕೂತಿದ್ದಾರೆ. ಪಾಪ, ಆಕೆ ಮಗಳ ಮದುವೆಗೆ ದಿನ ನೋಡೋಕೆ ಹೊರಟಿದ್ದಾರೆ. ನಾಳೆ ಯಾವ ಮುಖ ಇಟ್ಕೊಂಡು ಹೋಗಿ ಏನು ಹೇಳಲಿ?”

ಗುರುಗಳು ಅಂದರು: “‘ಗೊತ್ತಿಲ್ಲ’ ಅನ್ನು. ಹಾಗಂದು ಎದ್ದು ಬಂದುಬಿಡಬೇಡ. ಶೆಡ್ಡಿನ ಬಾಗಿಲು ಹಾಕೋವರೆಗೂ ಅವರ ಪಕ್ಕದಲ್ಲಿ ಕೂತು ಕಡ್ಡಿ ಹೊಸೆ.”